ಪಾಲಿಶ್ ಹಿಡಿಯದ ಜಾಗ

ಪೊನ್ನಂಪೇಟೆ
೯ ಜನವರಿ ೧೯೫೫

ಅಕ್ಕಾ, ನಮಸ್ಕಾರ.

ಕಾಗದ ಬರೆಯಲಿಲ್ಲವೆಂದು ನೀನು ಬೈಯುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ನಡೆಯುತ್ತಿದೆ. ಹಣ್ಣು ಸುಲಿಯುವ ಪಲ್ಪರ್ ಯಂತ್ರ, ಡೈನಮೊ ಎರಡೂ ಸರದಿಯ ಮೇಲೆ ಕೆಡುತ್ತವೆ, ಎರಡಕ್ಕೂ ನಾನೊಬ್ಬನೇ ಮೆಕ್ಯಾನಿಕ್. ಇವತ್ತು ಬರೆಯಲು ಕೂತದ್ದು ತಮ್ಮ ಮೊಣ್ಣಪ್ಪನ ವಿಷಯಕ್ಕೆ.

ಹೊಸ ವರ್ಷಕ್ಕೆ ದೊರೆಗಳ ಕ್ಲಬ್ಬಿನಲ್ಲಿ ದೀಪಗಳನ್ನು ನೋಡಿಕೊಳ್ಳಲು ನನ್ನನ್ನು ಕರೆಸಿದ್ದರು. ಬೆಂಗಳೂರಿನಿಂದ ವಾದ್ಯದವರು ಬಂದಿದ್ದರು. ಅವರಲ್ಲೊಬ್ಬ ಕುರ್ಚಿಯಲ್ಲಿ ಕೂತು, ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ನುಡಿಸಿದ. ಅದಕ್ಕೆ ಹೊಟ್ಟೆಯೇ ಇಲ್ಲ ಅಕ್ಕ, ಬರೀ ಗಟ್ಟಿ ಹಲಗೆ. ಎಲೆಕ್ಟ್ರಿಕ್ ಗಿಟಾರ್ ಅಂತೆ. ತಂತಿಗಳ ಕೆಳಗೆ ಒಂದು ಅಯಸ್ಕಾಂತ, ಅದಕ್ಕೆ ಸುತ್ತಿದ ಸಣ್ಣ ತಾಮ್ರದ ಸುರುಳಿ. ತಂತಿ ನಡುಗಿದ್ದು ಆ ಸುರುಳಿಯ ಮೂಲಕ ಹೋಗಿ ದೊಡ್ಡ ಪೆಟ್ಟಿಗೆಯಲ್ಲಿ ಹಾಡಾಗಿ ಬರುತ್ತದೆ.

ಎಲ್ಲರೂ ಹಾಡು ಕೇಳುತ್ತಿದ್ದರು, ನಾನು ಅವನ ಎಡಗೈ ನೋಡುತ್ತಿದ್ದೆ. ಅವನು ಬೆರಳಿನಿಂದ ತಂತಿ ಒತ್ತುವುದೇ ಇಲ್ಲ. ಒಂದು ಉಕ್ಕಿನ ತುಂಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೇಲಿಂದ ಜಾರಿಸುತ್ತಾನೆ, ಅಷ್ಟೇ. ಕಾಶ್ಮೀರದ ಹಿಮ ನಮ್ಮ ಮೊಣ್ಣಪ್ಪನ ಎಡಗೈಯಲ್ಲಿ ಉಳಿಸಿಕೊಟ್ಟದ್ದು ಆ ಎರಡೇ ಬೆರಳನ್ನು. ಮ್ಯಾಂಡೊಲಿನ್ ನುಡಿಸಲು ಅವು ಸಾಲಲಿಲ್ಲ. ಇದಕ್ಕೆ ಸಾಕು.

ಇಂಥದ್ದೊಂದನ್ನು ನಾನೇ ಮಾಡುತ್ತೇನೆ. ಮಿಲಿಟರಿಯಲ್ಲಿ ವೈರ್‌ಲೆಸ್ ರಿಪೇರಿ ಮಾಡಿದವನು ನಾನು, ಆ ಸುರುಳಿಯ ಗುಟ್ಟು ನನಗೆ ತಿಳಿಯುತ್ತದೆ. ಬೇಕಾದದ್ದು ಮರ. ಹಸಿ ಮರ ಆದರೆ ಡೊಂಕಾಗುತ್ತದೆ. ಅಡಿಗೆಮನೆಯ ಅಟ್ಟದಲ್ಲಿ ಗೋಡೆಗೆ ಒರಗಿಸಿಟ್ಟ ಉದ್ದದ ಹಲಸಿನ ಹಲಗೆ ಇದೆಯಲ್ಲ, ಅದನ್ನು ಕಳಿಸು. ಒಲೆಯ ಹೊಗೆಯಲ್ಲಿ ಅಷ್ಟು ವರ್ಷ ಒಣಗಿದ ಮರ ಬೇರೆ ಎಲ್ಲೂ ಸಿಗುವುದಿಲ್ಲ. ಚಿಕ್ಕಂದಿನಲ್ಲಿ ಅದರ ಮೇಲೆ ಕೂತು ದೋಣಿ ಆಟ ಆಡಿದ್ದಕ್ಕೆ ಅವ್ವ ನನಗೆ ಬಾರಿಸಿದ ಪೆಟ್ಟು ಇನ್ನೂ ನೆನಪಿದೆ! ಸಿದ್ದರಾಜುವಿನ ಲಾರಿ ವಾರಕ್ಕೊಮ್ಮೆ ಮಡಿಕೇರಿಯಿಂದ ಈ ಕಡೆ ಬರುತ್ತದೆ, ಅವನಿಗೆ ಹೇಳಿದ್ದೇನೆ.

ನಿನ್ನ ತಮ್ಮ,
ಬೋಜಪ್ಪ


ಗಾಳಿಬೀಡು
೨೦ ಜನವರಿ ೧೯೫೫

ಬೋಜಪ್ಪ,

ಮೊದಲು ಕ್ಷೇಮ ಸಮಾಚಾರ ಬರೆಯಬೇಕಂತೆ. ದನ ಕ್ಷೇಮ, ನಾಯಿ ಕ್ಷೇಮ. ನನ್ನ ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ. ದೊಡ್ಡಪ್ಪ ಪದ್ಮಯ್ಯನವರು ಕ್ಷೇಮ, ಅವರ ಬಾಯಿ ಅವರಿಗಿಂತ ಕ್ಷೇಮ. ಮೊಣ್ಣಪ್ಪನದು ಏನೆಂದು ಬರೆಯಲಿ?

ಬೆಳಿಗ್ಗೆ ದನ ಬಿಡುತ್ತಾನೆ, ಸಂಜೆ ಕಟ್ಟುತ್ತಾನೆ. ನಡುವೆ ಕೋಣೆ. ನಾನು ಏನು ಕೇಳಿದರೂ ಒಂದೋ "ಹೂಂ", ಇಲ್ಲ "ಬೇಡ". ಮಿಲಿಟರಿಯಿಂದ ಬಂದ ದಿನ ಅವ್ವ ಕೂರುತ್ತಿದ್ದ ಜಾಗ ನೋಡಿದ, ನನ್ನ ಮುಖ ನೋಡಿದ, ಕೋಣೆಗೆ ಹೋದ. ಅವ್ವ ಹೇಗೆ ಹೋದಳು ಎಂದು ಇವತ್ತಿನವರೆಗೆ ಕೇಳಿಲ್ಲ. ನೀನೂ ಕೇಳಿದವನಲ್ಲ ಬಿಡು. ಜಬಲ್ಪುರದಿಂದ ರಜೆ ಸಿಗಲಿಲ್ಲವೆಂದು ಟೆಲಿಗ್ರಾಂ ಕೊಟ್ಟೆ, ಅಲ್ಲಿಗೆ ಮುಗಿಯಿತು.

ಯಾರಿಗೂ ಹೇಳದ ಒಂದು ವಿಷಯ ಬರೆಯುತ್ತೇನೆ. ಹೋದ ತಿಂಗಳು ಅವನು ಕೋವಿ ಒರೆಸುತ್ತ ಕೂತಿದ್ದ. ಬೇಟೆಗೆ ಹೋಗುವವರು ಒರೆಸುವ ರೀತಿ ಅದಲ್ಲ. ಅಪ್ಪ ಒರೆಸುವುದನ್ನು ನೋಡಿ ಬೆಳೆದವಳು ನಾನು, ನನಗೆ ಗೊತ್ತಾಗುತ್ತದೆ. ಅವತ್ತಿನಿಂದ ತೋಟೆಗಳೆಲ್ಲ ನನ್ನ ಅಕ್ಕಿ ಪೆಟ್ಟಿಗೆಯ ತಳದಲ್ಲಿವೆ. ನನಗೆ ಹೆದರಿಕೆಯಾಗಿದೆ ಬೋಜಪ್ಪ. ಗಂಡನನ್ನು ಕಳಕೊಂಡು ತವರಿಗೆ ಬಂದವಳು, ಇವನನ್ನೂ ಕಳಕೊಂಡರೆ ನಾನು ಯಾರಿಗೆ ಅನ್ನ ಬೇಯಿಸಲಿ?

ಅದಕ್ಕೇ ನಿನ್ನ ಹುಚ್ಚಿಗೆ ನಾನು ಬೇಡ ಅನ್ನುವುದಿಲ್ಲ. ಆದರೆ ಆ ಹಲಗೆಯೇ ಬೇಕಾ? ಕೊಟ್ಟಿಗೆಯ ಮೇಲೆ ನಂದಿ ಮರದ್ದು ಒಂದಿದೆ, ಚೆನ್ನಾಗಿದೆ. ಯೋಚಿಸಿ ಬರೆ. ಮತ್ತೊಂದು ಮಾತು: ಎಲೆಕ್ಟ್ರಿಕ್ ಗಿಟಾರ್ ಅನ್ನುತ್ತೀಯಲ್ಲ ಮಾರಾಯ, ಗಾಳಿಬೀಡಿನಲ್ಲಿ ಎಲೆಕ್ಟ್ರಿಕ್ ಎಲ್ಲಿದೆ? ಸೀಮೆಎಣ್ಣೆ ಹಾಕಿದರೆ ಹಾಡುತ್ತದಾ ಅದು?

ತಂಗಮ್ಮ


ಪೊನ್ನಂಪೇಟೆ
೨ ಫೆಬ್ರವರಿ ೧೯೫೫

ಅಕ್ಕಾ,

ತೋಟೆ ಅಲ್ಲಿಯೇ ಇರಲಿ. ಅಕ್ಕಿ ಅಳೆಯುವಾಗ ಅವನು ಹತ್ತಿರ ಇರದಂತೆ ನೋಡಿಕೊ.

ಕೊಟ್ಟಿಗೆಯ ಹಲಗೆಗೆ ಹುಳ ಹಿಡಿದದ್ದು ನಾನೇ ನೋಡಿದ್ದೇನೆ. ಅಟ್ಟದ್ದೇ ಆಗಬೇಕು. ದೊಡ್ಡಪ್ಪನಿಗೆ ಹೆದರುತ್ತಿದ್ದೀಯಾ? ಅಟ್ಟದಲ್ಲಿ ಧೂಳು ತಿನ್ನುವ ಹಲಗೆಗೆ ಅವರ ಅಪ್ಪಣೆ ಯಾಕೆ?

ಕರೆಂಟಿನ ಚಿಂತೆ ನನಗೆ ಬಿಡು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಎಸೆದ ಒಂದು ಬ್ಯಾಟರಿ ರೇಡಿಯೊ ಇದೆ, ಅದರ ಬೆನ್ನಿನಲ್ಲಿ ಗ್ರಾಮಾಫೋನ್ ಸಿಕ್ಕಿಸುವ ತೂತು ಉಂಟು. ಗಿಟಾರಿನ ವೈರನ್ನು ಅಲ್ಲಿಗೇ ಸಿಕ್ಕಿಸಬಹುದು. ರಿಪೇರಿ ಶುರು ಮಾಡಿದ್ದೇನೆ.

ಬೋಜಪ್ಪ


ಗಾಳಿಬೀಡು
೩ ಮಾರ್ಚ್ ೧೯೫೫

ಬೋಜಪ್ಪ,

ಹಲಗೆ ಕಳಿಸಿದ್ದೇನೆ. ಈ ಮೊಣಕಾಲಿನಲ್ಲಿ ಎಷ್ಟು ಸಲ ಅಟ್ಟ ಹತ್ತಿ ಇಳಿದೆನೋ ದೇವರಿಗೇ ಗೊತ್ತು. ಪ್ರತಿ ಸಲ ಹತ್ತಿ, ಅದರ ಎದುರು ನಿಂತು, ಬರಿಗೈಯಲ್ಲಿ ಇಳಿಯುತ್ತಿದ್ದೆ. ಕೊನೆಗೆ ದೊಡ್ಡಪ್ಪ ಸಂತೆಗೆ ಹೋದ ದಿನ ಇಳಿಸಿದೆ. ನಾನೇ ತೊಳೆದು, ಒರೆಸಿ, ಗೋಣಿ ಸುತ್ತಿದ್ದೇನೆ. ನೀನು ಅದಕ್ಕೆ ಕಾಲು ತಾಗಿಸಬೇಡ. ಮರ ಕುಯ್ಯುವವರು ಕಾಲಿನಲ್ಲಿ ಒತ್ತಿ ಹಿಡಿಯುತ್ತಾರಲ್ಲ, ಹಾಗೆ ಮಾಡಬೇಡ. ಯಾಕೆ ಏನು ಎಂದು ಕೇಳಬೇಡ, ಹೇಳಿದಷ್ಟು ಮಾಡು.

ಗೋಣಿಯೊಳಗೆ ಒಂದು ಚಿಂದಿ ಗಂಟಿದೆ. ಅದರಲ್ಲಿ ಮೊಣ್ಣಪ್ಪನ ಮ್ಯಾಂಡೊಲಿನ್ನಿನ ಬಿರಡೆಗಳಿವೆ. ಮ್ಯಾಂಡೊಲಿನ್ ಒಡೆದು ಒಲೆಗೆ ಹಾಕು ಎಂದು ಕೊಟ್ಟಿದ್ದ. ಮರವನ್ನು ಹಾಕಿದೆ, ಬಿರಡೆಗಳನ್ನು ಹಾಕಲು ಕೈ ಬರಲಿಲ್ಲ.

ತಂಗಮ್ಮ


ಪೊನ್ನಂಪೇಟೆ
೧೭ ಏಪ್ರಿಲ್ ೧೯೫೫

ಅಕ್ಕಾ, ನಮಸ್ಕಾರ.

ಕೆಲಸ ಭರದಿಂದ ಸಾಗಿದೆ. ಎಂಥ ಮರ ಅದು! ತೋಪಡ ಹಿಡಿದು ಒಂದು ಪದರ ತೆಗೆದರೆ ಒಳಗೆ ಕಾಫಿ ಕಷಾಯದ ಬಣ್ಣ. ಒಂದು ತುದಿಯ ಕಡೆ ಬಣ್ಣ ಇನ್ನೂ ಗಾಢ, ಮರದ ಎಳೆಗಳೂ ಚಂದ, ಅದಕ್ಕೇ ಆ ತುದಿಯಿಂದಲೇ ಕುಯ್ದುಕೊಂಡೆ. ಕಾಲು ತಾಗಿಸಲಿಲ್ಲ, ಬೆಂಚಿಗೆ ಬಿಗಿದೇ ಕುಯ್ದೆ. ಉಳಿದ ತುಂಡು ಬಟ್ಟೆ ಸುತ್ತಿ ಮಂಚದ ಕೆಳಗಿದೆ.

ಹಳೆಯ ಮಿಲಿಟರಿ ಹೆಡ್‌ಫೋನು ಬಿಚ್ಚಿ ಅದರ ಅಯಸ್ಕಾಂತ, ಸುರುಳಿ ತೆಗೆದೆ. ತಂತಿಗಳ ಕೆಳಗೆ ಉಳಿಯಿಂದ ಗುಳಿ ತೋಡಿ ಕೂರಿಸಿದೆ. ಹಿತ್ತಾಳೆಯ ಬಾಗಿಲು ಬಿಜಾಗರಿ ಕತ್ತರಿಸಿ ತಂತಿ ಒರಗುವ ಕುದುರೆ ಮಾಡಿದೆ. ನೀನು ಕಳಿಸಿದ ಬಿರಡೆಗಳಲ್ಲಿ ಆರು ಬಳಸಿದ್ದೇನೆ. ತಂತಿ ಮದ್ರಾಸಿನಿಂದ ಬಂತು. ಮೊನ್ನೆ ರೇಡಿಯೊಗೆ ಸಿಕ್ಕಿಸಿ ಮೀಟಿದೆ. ಅಕ್ಕ, ಹಾಡಿತು! ನನ್ನ ಕೈಗೆ ರಾಗ ಬರುವುದಿಲ್ಲ, ಆದರೂ ಆ ಒಂದು ಸ್ವರ ಎಷ್ಟು ಹೊತ್ತು ನಿಂತಿತೆಂದರೆ, ಕೂಲಿ ಲೈನಿನ ಮಕ್ಕಳೆಲ್ಲ ಬಾಗಿಲಿಗೆ ಬಂದು ಇಣುಕಿದರು. ಕಣ್ಣಲ್ಲಿ ನೀರು ಬಂತು, ನಗಬೇಡ.

ಇನ್ನು ತಂತಿ ಬಿಚ್ಚಿ ಅರಗಿನ ಪಾಲಿಶ್ ಹಾಕಬೇಕು. ಮಳೆಗೆ ಮುಂಚೆ ಮುಗಿದರೆ ಆಟಿ ತಿಂಗಳಲ್ಲಿ ಅವನ ತೊಡೆಯ ಮೇಲಿರುತ್ತದೆ.

ಬೋಜಪ್ಪ


ಗಾಳಿಬೀಡು
೨೨ ಮೇ ೧೯೫೫

ಬೋಜಪ್ಪ,

ದೊಡ್ಡಪ್ಪ ಅಟ್ಟ ಹತ್ತಿದರು. ಹಲಗೆ ಇಲ್ಲದ್ದು ನೋಡಿ ಕೇಳಿದರು, ಮೊಣ್ಣಪ್ಪನ ಗಿಟಾರಿಗೆ ಕಳಿಸಿದೆ ಎಂದೆ. ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದರು. ಮೊಣ್ಣಪ್ಪನೂ ಕೇಳಿಸಿಕೊಂಡ.

ಏನೆಂದು ಕೂಗಿದರು ಎಂದು ನಿನಗೆ ಬರೆಯುವುದಿಲ್ಲ. ನೀನು ಕೆಲಸ ಮುಗಿಸು. ಮೊಣ್ಣಪ್ಪ ಈಗ ಒಂದೇ ಹೊತ್ತು ಊಟ ಮಾಡುತ್ತಾನೆ, ಬೇಗ ಮುಗಿಸು.

ತಂಗಮ್ಮ


ಪೊನ್ನಂಪೇಟೆ
೧೦ ಜುಲೈ ೧೯೫೫

ಅಕ್ಕಾ,

ಬೇಗ ಎಂದರೆ ಹೇಗೆ? ಈ ಮಳೆ ಬಿಡಬೇಕಲ್ಲ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ತೆಗೆದು, ಸುತ್ತು ಸುತ್ತಾಗಿ ಉಜ್ಜಬೇಕು. ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಥಂಡಿ ಹೊಡೆದರೆ ಪಾಲಿಶ್ ಮೇಲೆ ಬೂದಿ ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಎಲ್ಲ ಕೆರೆದು ಮೊದಲಿನಿಂದ ಶುರು. ಈಗ ಎಂಜಿನ್ ರೂಮಿನ ಶಾಖದಲ್ಲಿ ನೇತುಹಾಕಿ ಮಾಡುತ್ತಿದ್ದೇನೆ. ಅಲ್ಲಿ ಬಿಳಿ ಹೋಯಿತು.

ಆದರೆ ಒಂದು ಜಾಗ ನನ್ನನ್ನು ಸತಾಯಿಸುತ್ತಿದೆ. ಬಲಗೈ ಬರುವ ಕಡೆ, ಅಂಗೈಯಷ್ಟು ಅಗಲ. ಅಲ್ಲಿ ಪಾಲಿಶ್ ನಿಲ್ಲುವುದೇ ಇಲ್ಲ. ಹಚ್ಚಿದೊಡನೆ ಹನಿ ಹನಿಯಾಗಿ ಸರಿದುಹೋಗುತ್ತದೆ. ಆ ಹಲಗೆಯ ಮೇಲೆ ಏನಾದರೂ ಚೆಲ್ಲಿತ್ತಾ? ಹಂದಿಮಾಂಸ ಕೊಚ್ಚುತ್ತಿದ್ದಿರಾ ಅದರ ಮೇಲೆ?

ಮೊಣ್ಣಪ್ಪನನ್ನು ಮಡಿಕೇರಿಯ ಡಾಕ್ಟರಿಗೆ ತೋರಿಸು.

ಬೋಜಪ್ಪ


ಗಾಳಿಬೀಡು
೪ ಆಗಸ್ಟ್ ೧೯೫೫

ಬೋಜಪ್ಪ,

ಹಳೆಯ ಮರ, ಎಣ್ಣೆ ಬಿದ್ದಿರಬಹುದು. ಮರಳುಕಾಗದ ಹಾಕಿ ತಿಕ್ಕು.

ಡಾಕ್ಟರು ಶಕ್ತಿಗೆ ಬಾಟಲಿ ಕೊಟ್ಟರು. ಅವನು ಅದನ್ನು ದಾಸವಾಳದ ಬುಡಕ್ಕೆ ಸುರಿಯುತ್ತಾನೆ. ದಾಸವಾಳ ಚೆನ್ನಾಗಿದೆ.

ತಂಗಮ್ಮ


ಪೊನ್ನಂಪೇಟೆ
೧೧ ಸೆಪ್ಟೆಂಬರ್ ೧೯೫೫

ಅಕ್ಕಾ,

ತಿಕ್ಕಿದೆ. ಕೈ ಸೋತಿತು. ಮೇಲಿನ ಎಣ್ಣೆಯಲ್ಲ ಅದು, ಮರದ ಆಳಕ್ಕೆ ಇಳಿದಿದೆ. ನಿನ್ನೆ ಬಿಸಿ ಸ್ಪಿರಿಟ್ಟಿನ ಬಟ್ಟೆ ಒತ್ತಿ ಹಿಡಿದೆ, ಎಣ್ಣೆ ಎಳೆದುಕೊಳ್ಳಲಿ ಎಂದು. ಬಟ್ಟೆ ಎತ್ತಿದಾಗ ವಾಸನೆ ಬಂತು. ತೆಂಗಿನೆಣ್ಣೆ, ಸೀಗೆಕಾಯಿ, ಅರಿಶಿನ. ಮೀಯುವ ದಿನದ ತಲೆಯ ವಾಸನೆ.

ಮನುಷ್ಯರು ಮೀಯುವುದು ಬಚ್ಚಲ ಕಲ್ಲಿನ ಮೇಲೆ. ಹಲಗೆಯ ಮೇಲೆ ಮಲಗಿ ಯಾರೂ ಮೀಯುವುದಿಲ್ಲ. ಅಕ್ಕ, ಅದು ಯಾವ ಹಲಗೆ? ನೇರವಾಗಿ ಹೇಳು.

ಬೋಜಪ್ಪ


ಗಾಳಿಬೀಡು
೨೦ ಸೆಪ್ಟೆಂಬರ್ ೧೯೫೫

ಬೋಜಪ್ಪ,

ನೀನು ತಿಳಿದುಕೊಂಡದ್ದು ಸರಿ. ನಮ್ಮ ಮನೆಯಲ್ಲಿ ಹೋದವರನ್ನು ಮೀಯಿಸುವ ಹಲಗೆ ಅದು. ಬೇರೆ ಯಾವ ಕೆಲಸಕ್ಕೂ ಕೆಳಗಿಳಿಸುವುದಿಲ್ಲ, ಮಕ್ಕಳೆದುರು ಅದರ ಮಾತೂ ಆಡುವುದಿಲ್ಲ. ಮೀಯಿಸುವ ಹೊತ್ತಿಗೆ ಮಕ್ಕಳನ್ನು ಪಕ್ಕದ ಮನೆಗೆ ಕಳಿಸುತ್ತಿದ್ದರು, ಅದಕ್ಕೇ ನಿನಗೆ ಗೊತ್ತಿಲ್ಲ. ಅವ್ವ ನಿನಗೆ ಬಾರಿಸಿದ್ದು ಅದಕ್ಕೇ. ಅಜ್ಜ, ಅಜ್ಜಿ, ಅಪ್ಪ, ಎಲ್ಲರೂ ಅದರ ಮೇಲೆ ಮಲಗಿ ಹೋದವರು. ಎಣ್ಣೆ ಹಚ್ಚಿದ ತಲೆ ಇಡುವುದು ಒಂದೇ ಕಡೆ. ನೀನು ಚಂದ ಎಂದು ಕುಯ್ದುಕೊಂಡದ್ದು ಆ ತುದಿಯನ್ನೇ. ಕಡೆಗೆ ಮಲಗಿದವಳು ಅವ್ವ.

ದೊಡ್ಡಪ್ಪ ಅಂಗಳದಲ್ಲಿ ಕೂಗಿದ್ದು ಇದು: "ನಾಳೆ ನಾ ಸತ್ರೆ ನನ್ನ ಎಲ್ಲಿ ಮಲಗ್ಸಿಯೆ? ಹೆಣದ ಹಲಗೆಲಿ ಪದ ಹಾಡ್ಸಿಕೆ ಹೊರ್ಟಿಯಲ್ಲ, ನಿಂಗೆ ತಲೆ ಸರಿ ಉಟ್ಟಾ?"

ನನ್ನ ತಲೆ ಸರಿಯಾಗಿಯೇ ಇದೆ.

ತಂಗಮ್ಮ


ಪೊನ್ನಂಪೇಟೆ
೬ ಅಕ್ಟೋಬರ್ ೧೯೫೫

ಅಕ್ಕಾ,

ಅವ್ವನ ತಲೆ ಇಟ್ಟ ಜಾಗಕ್ಕೆ ನಾನು ಉಳಿ ಇಟ್ಟು ಹೊಡೆದಿದ್ದೇನೆ. ಕೆರೆದಿದ್ದೇನೆ, ಉಜ್ಜಿದ್ದೇನೆ, ಹಂದಿಮಾಂಸ ಎಂದು ತಮಾಷೆ ಮಾಡಿದ್ದೇನೆ. ನೀನು ಸುಮ್ಮನೆ ನೋಡುತ್ತ ಕೂತೆ. ಕೇಳಿದಾಗಲೇ ಒಂದು ಸಾಲು ಬರೆದಿದ್ದರೆ ಏನಾಗುತ್ತಿತ್ತು?

ಸಾವಿನ ಯೋಚನೆಯೇ ತಲೆಯಲ್ಲಿರುವವನ ತೊಡೆಯ ಮೇಲೆ ಹೆಣ ಮೀಯಿಸಿದ ಮರ ಇಡಲಾ? ತೋಟೆ ಬಚ್ಚಿಡುವವಳು ಇದನ್ನು ಹೇಗೆ ಕಳಿಸಿದೆ? ನಾನು ಇದನ್ನು ಕಳಿಸುವುದಿಲ್ಲ. ಕಾಫಿ ಒಣಗಿಸುವ ಡ್ರೈಯರ್ ಒಲೆಗೆ ಹಾಕುತ್ತೇನೆ.

ಬೋಜಪ್ಪ


ಗಾಳಿಬೀಡು
೧೫ ಅಕ್ಟೋಬರ್ ೧೯೫೫

ಬೋಜಪ್ಪ,

ಹಾಕು. ನಿನ್ನ ಕೈ, ನಿನ್ನ ಒಲೆ. ಅದಕ್ಕೆ ಮೊದಲು ಇದನ್ನು ಓದು.

ಅವ್ವ ಹೋದಾಗ ನೀವಿಬ್ಬರೂ ದೇಶ ಕಾಯುತ್ತಿದ್ದಿರಿ. ತಪ್ಪು ಅನ್ನುವುದಿಲ್ಲ. ಆದರೆ ಅವಳ ಮೈ ಮುಟ್ಟಿದ್ದು ನಾನು, ನೆರೆಯ ಹೆಂಗಸರು, ಆ ಹಲಗೆ. ನೀನು ಅದನ್ನೇ ಬೇಕು ಎಂದು ಬರೆದಾಗ ಸಿಟ್ಟು ಬಂತು. ಆಮೇಲೆ ಅಟ್ಟದಲ್ಲಿ ನಿಂತು ಯೋಚಿಸಿದೆ. ಕೇಳಬೇಕಾದ್ದನ್ನು ಕೇಳದ ಮಕ್ಕಳು, ಗೊತ್ತಿಲ್ಲದೆಯಾದರೂ ಇದನ್ನು ಕೇಳುತ್ತಿದ್ದಾರೆ, ಕೊಡದೆ ಇರಲು ನಾನು ಯಾರು? ಹೇಳಿದರೆ ನೀನು ಕೈಬಿಡುತ್ತೀಯೆಂದು ಹೇಳಲಿಲ್ಲ. ಅದು ನನ್ನ ಮೊಂಡುತನ, ಬೈಯಬೇಕೆಂದರೆ ಬೈದುಕೊ.

ಮೊಣ್ಣಪ್ಪನಿಗೆ ಹೆದರಿಕೆ ಹುಟ್ಟಿಸುತ್ತದೆ ಎಂದು ಬರೆದಿದ್ದೀಯ. ದೊಡ್ಡಪ್ಪ ಕೂಗಿದ ಮಾರನೆಯ ದಿನ ನಾನು ತೋಟದಿಂದ ಬಂದಾಗ ಅವನು ಕೋಣೆಯಲ್ಲಿರಲಿಲ್ಲ. ಮೊದಲು ಅಕ್ಕಿ ಪೆಟ್ಟಿಗೆಗೆ ಓಡಿ ತೋಟೆ ಎಣಿಸಿದೆ. ಹುಡುಕಿದರೆ ಅಟ್ಟದಲ್ಲಿದ್ದ. ಹಲಗೆ ಒರಗಿಸಿದ್ದ ಗೋಡೆಯಲ್ಲಿ ಮಸಿ ಹಿಡಿಯದ ಬಿಳಿ ಗುರುತು ಉಳಿದಿದೆ, ಅದರ ಎದುರು ಕೂತಿದ್ದ. ನಾನು ಕರೆಯಲಿಲ್ಲ. ಅವತ್ತಿನಿಂದ ಸಿದ್ದರಾಜುವಿನ ಲಾರಿಯ ಸದ್ದು ಕೇಳಿದರೆ ತಲೆ ಎತ್ತಿ ನೋಡುತ್ತಾನೆ. ಈ ಆರು ವರ್ಷದಲ್ಲಿ ಅವನು ಯಾವುದಕ್ಕೂ ಕಾದವನಲ್ಲ ಬೋಜಪ್ಪ. ಈಗ ಕಾಯುತ್ತಿದ್ದಾನೆ. ಏನು ಮಾಡುತ್ತೀಯೋ ನೋಡು.

ತಂಗಮ್ಮ


ಪೊನ್ನಂಪೇಟೆ
೧೪ ನವೆಂಬರ್ ೧೯೫೫

ಅಕ್ಕಾ,

ಒಲೆಯ ಬಾಯಿ ತೆರೆದು ನಿಂತಿದ್ದೆ. ಆಗಲಿಲ್ಲ. ವಾಪಸು ತಂದು ಬೆಂಚಿನ ಮೇಲಿಟ್ಟು ಬಾಗಿಲು ಹಾಕಿಕೊಂಡೆ. ಆ ಜಾಗಕ್ಕೆ ಕೆನ್ನೆ ಇಟ್ಟು ತುಂಬಾ ಹೊತ್ತು ಕೂತೆ. ಇದನ್ನು ಯಾರಿಗೂ ಹೇಳಬೇಡ.

ಆಮೇಲೆ ಅಲ್ಲಿ ಪಾಲಿಶ್ ಹಚ್ಚುವ ಪ್ರಯತ್ನ ಬಿಟ್ಟೆ. ಸುತ್ತಲೂ ಮುಖ ಕಾಣುವಷ್ಟು ಹೊಳಪು ಬಂದಿದೆ, ಆ ಅಂಗೈ ಅಗಲ ಮಾತ್ರ ಬರಿಯ ಮರ. ನೋಡಿದವರು ಕೆಲಸ ಅರ್ಧಕ್ಕೆ ಬಿಟ್ಟಿದ್ದಾನೆ ಎನ್ನಬಹುದು. ಅನ್ನಲಿ. ಗಿಟಾರು, ಉಕ್ಕಿನ ತುಂಡು, ರೇಡಿಯೊ ಜೊತೆ ಹಲಗೆಯ ಉಳಿದ ತುಂಡನ್ನೂ ಲಾರಿಯಲ್ಲಿ ಕಳಿಸಿದ್ದೇನೆ, ದೊಡ್ಡಪ್ಪನಿಗೆ ಕೊಡು. ಉದ್ದಕ್ಕೆ ಬೇರೆ ಹಲಸು ಜೋಡಿಸಿಕೊಡುತ್ತೇನೆಂದು ಹೇಳು.

ವೈರು ಜೋಡಿಸುವ, ಉಕ್ಕು ಹಿಡಿಯುವ ಚಿತ್ರ ಬರೆದು ರೇಡಿಯೊದೊಳಗೆ ಇಟ್ಟಿದ್ದೇನೆ. ಪಿಕ್ಕಿಂಗ್ ಮುಗಿಯದೆ ನನಗೆ ಬರಲಾಗುವುದಿಲ್ಲ. ಏನಾಯಿತೆಂದು ಬರೆ. ಒಳ್ಳೆಯದಾಗದಿದ್ದರೂ ಬರೆ.

ಬೋಜಪ್ಪ


ಗಾಳಿಬೀಡು
೫ ಡಿಸೆಂಬರ್ ೧೯೫೫

ನನ್ನ ಬೋಜಪ್ಪ,

ಪುತ್ತರಿಗೆ ಮುಂಚೆಯೇ ಲಾರಿ ಬಂತು. ನಾನು ಸುಮ್ಮನೆ ಗಿಟಾರನ್ನು ಹಜಾರದ ಬೆಂಚಿನ ಮೇಲಿಟ್ಟು ಗದ್ದೆಗೆ ಹೋದೆ. ಬಂದು ನೋಡಿದರೆ ಇಟ್ಟಲ್ಲೇ ಇತ್ತು. ಹಬ್ಬ ಬಂತು, ಕದಿರು ತಂದೆವು, ಹೊಸ ಅಕ್ಕಿಯ ಪಾಯಸ ಉಂಡೆವು, ಅದು ಅಲ್ಲೇ ಇತ್ತು. ನನಗೆ ಸಾಕಾಯಿತು. ನಿನ್ನೆ ಮಧ್ಯಾಹ್ನ ನಾನೇ ನಿನ್ನ ಚಿತ್ರ ನೋಡಿ ವೈರು ಸಿಕ್ಕಿಸಿದೆ. ಎಲ್ಲಿ ತಪ್ಪಿದೆನೋ, ರೇಡಿಯೊ ಕರು ಹಾಕುವ ಎಮ್ಮೆಯ ಹಾಗೆ ಕೂಗಿಕೊಂಡಿತು. ಜಗಲಿಯಲ್ಲಿ ಮಲಗಿದ್ದ ದೊಡ್ಡಪ್ಪ "ಅಯ್ಯಯ್ಯೋ, ಎಂತಾತ್!" ಎಂದು ಎದ್ದು ಕೂತರು.

ಮೊಣ್ಣಪ್ಪ ಕೋಣೆಯಿಂದ ಬಂದ. ನಾನು ಸಿಕ್ಕಿಸಿದ್ದನ್ನು ಕಿತ್ತು ಸರಿಯಾಗಿ ಸಿಕ್ಕಿಸಿದ. ಬೆಂಚಿನಲ್ಲಿ ಕೂತು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಉಕ್ಕಿನ ತುಂಡನ್ನು ಆ ಎರಡು ಬೆರಳಲ್ಲಿ ಹಿಡಿದು ಎಳೆದ. ಸ್ವರ ಎಲ್ಲೋ ಹೊರಟು ಎಲ್ಲೋ ಹೋಯಿತು. ಮತ್ತೆ ಎಳೆದ. ನಿಜ ಹೇಳುತ್ತೇನೆ, ಚೆನ್ನಾಗಿರಲಿಲ್ಲ. ಆದರೂ ದೊಡ್ಡಪ್ಪ ಬಾಯಿ ಬಿಡಲಿಲ್ಲ.

ಅವನ ಬಲಗೈಯ ಮಣಿಕಟ್ಟು ಸರಿಯಾಗಿ ಆ ಬರಿಯ ಜಾಗದ ಮೇಲೆ ಬರುತ್ತದೆ. ಅಲ್ಲಿ ನುಣ್ಣಗಿಲ್ಲವಲ್ಲ, ಕೈಗೆ ಗೊತ್ತಾಯಿತು, ಆ ಎಣ್ಣೆಯ ವಾಸನೆಯೂ ಬಂದಿರಬೇಕು. ನುಡಿಸುವುದು ನಿಲ್ಲಿಸಿ ಅಂಗೈ ಅಗಲಿಸಿ ಅದರ ಮೇಲಿಟ್ಟ. ತಲೆ ತಗ್ಗಿಸಿಯೇ ಕೇಳಿದ, "ಅವ್ವನ ತಲೆ ಹಿಡ್ದದ್ ಯಾರ್ ಅಕ್ಕ?"

"ನಾನೇ" ಎಂದೆ.

ಅಂಗೈ ಎತ್ತದೆಯೇ ಮತ್ತೆ ಕೇಳಿದ, "ನೀರ್ ಬಿಸಿ ಇತ್ತಾ?"

ಎಷ್ಟು ವರ್ಷದಿಂದ ಆ ಮಾತನ್ನು ಒಳಗಿಟ್ಟುಕೊಂಡಿದ್ದನೋ. ಹಿಮದಲ್ಲಿ ಬೆರಳು ಕಳಕೊಂಡವನು ಅವನು, ಚಳಿ ಎಂದರೆ ಏನೆಂದು ಗೊತ್ತಿರುವವನು. ನಾನು ಅವನ ಪಕ್ಕ ಕೂತು ಎಲ್ಲ ಹೇಳಿದೆ. ಆಟಿ ಮಳೆ, ಸೌದೆಯೆಲ್ಲ ಹಸಿ, ಒಲೆ ಹತ್ತಲಿಲ್ಲ. ಹೆಂಗಸರು ತಣ್ಣೀರೇ ಸಾಕು, ಹೋದವಳಿಗೆ ಏನು ತಿಳಿಯುತ್ತದೆ ಎಂದರು. ನಾನು ಕೇಳಲಿಲ್ಲ. ಕೊಟ್ಟಿಗೆಯ ಏಣಿ ಮುರಿದು ಒಲೆಗೆ ಹಾಕಿ ಹಂಡೆ ಕಾಯಿಸಿದೆ. ಹೇಳುತ್ತ ಹೇಳುತ್ತ ನಾನು ಅತ್ತೆ, ಅವನೂ ಅತ್ತ. ಬಂದ ದಿನವೂ ಅತ್ತಿರಲಿಲ್ಲ ಅವನು. ಆಮೇಲೆ ಮತ್ತೆ ಉಕ್ಕು ಎತ್ತಿಕೊಂಡ. ಈ ಕಾಗದ ಬರೆಯುವಾಗಲೂ ಹಜಾರದಲ್ಲಿ ನುಡಿಸುತ್ತಿದ್ದಾನೆ, ಅದೇ ತಪ್ಪನ್ನು ಮತ್ತೆ ಮತ್ತೆ.

ನೀನು ಇನ್ನೂ ಕೇಳಿಲ್ಲ. ಕೇಳುವುದಕ್ಕೆ ನಿನಗೂ ಬಾಯಿ ಬಾರದು ಎಂದು ಈಗ ತಿಳಿಯಿತು. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ನೀರು ಬಿಸಿಯಿತ್ತು ಬೋಜಪ್ಪ. ಕೈಯಲ್ಲಿ ಮುಟ್ಟಿ ನೋಡಿಯೇ ಹೊಯ್ದದ್ದು.

ನಿಮ್ಮಿಬ್ಬರ ಅಕ್ಕ,
ತಂಗಮ್ಮ